ಬಸ್ಸು ಬಿಟ್ಟವರು ಕೆಲಸಕ್ಕೆ ಹೋದದ್ದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮಾಂಟ್‌ಗೊಮರಿ ಬಸ್ ಬಹಿಷ್ಕಾರ ಎಂದರೆ ನಮಗೆಲ್ಲ ಗೊತ್ತಿರುವುದು ಒಂದೇ ಕತೆ. ದಣಿದ ಹೆಂಗಸೊಬ್ಬರು ಸೀಟು ಬಿಟ್ಟು ಏಳಲಿಲ್ಲ, ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದರು, ಕಾನೂನು ಬದಲಾಯಿತು. ಸರಿ, ಆದರೆ ಅಲಬಾಮಾದ ಆ ಊರಲ್ಲಿ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಊರಾಚೆಯ ಬಂಗಲೆಯಲ್ಲಿ ಅಡುಗೆಗೆ ಹೋಗುವ ಹೆಂಗಸಿಗೆ ಭಾಷಣ ಮುಗಿದ ಮೇಲೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ? ಇವತ್ತು ನಾನು ಹೇಳುವುದು ಅದನ್ನೇ.

ಮೊದಲು ಬಸ್ಸಿನ ಒಳಗೆ ಬನ್ನಿ. ಒಟ್ಟು 36 ಸೀಟು. ಮುಂದಿನ 10 ಬಿಳಿಯರವು. ಖಾಲಿ ಇದ್ದರೂ ಬೇರೆಯವರು ಕೂರುವಂತಿಲ್ಲ. ನಡುವಿನವು ಡ್ರೈವರ್ ಮರ್ಜಿ. ಕಪ್ಪು ಜನ ಮುಂಬಾಗಿಲಲ್ಲಿ ಹತ್ತಿ ಹತ್ತು ಸೆಂಟು ಕೊಟ್ಟು, ಮತ್ತೆ ಇಳಿದು, ಹಿಂಬಾಗಿಲಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಬಸ್ಸು ಹೊರಟುಹೋದರೆ ದುಡ್ಡೂ ಹೋಯಿತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಕೂತಿದ್ದು ಆ ನಡುವಿನ ಸಾಲಲ್ಲಿ. ಒಬ್ಬ ಬಿಳಿಯನಿಗಾಗಿ ಇಡೀ ಸಾಲಿನ ನಾಲ್ವರೂ ಏಳಬೇಕೆಂದಾಯಿತು. ಮೂವರು ಎದ್ದರು. ಪಾರ್ಕ್ಸ್ ಏಳಲಿಲ್ಲ, ಬಂಧನವಾಯಿತು. ಆಕೆ ಬರೀ ದಣಿದ ದರ್ಜಿಯಲ್ಲ ಸ್ವಾಮಿ, ಹಕ್ಕುಗಳ ಹೋರಾಟದ ಸಂಘದಲ್ಲಿ ವರ್ಷಗಟ್ಟಲೆ ದುಡಿದ ಕಾರ್ಯದರ್ಶಿ!

ಆ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಕೂತರು. ಸೋಮವಾರ ಬಸ್ಸು ಹತ್ತಬೇಡಿ ಎಂದು ಹಾಳೆಗೆ ಮೂರು ಕರಪತ್ರದಂತೆ ಅಚ್ಚು ಹಾಕಿ, ಕತ್ತರಿಸಿ, ಬೆಳಗಾಗುವಷ್ಟರಲ್ಲಿ ಸಾವಿರಾರು ಪ್ರತಿ ಕಟ್ಟಿಟ್ಟರು. ಸೋಮವಾರ ಬಸ್ಸುಗಳು ಬಿಕೋ ಎಂದವು.

ಸರಿ, ಸೋಮವಾರ ಕಳೆಯಿತು. ಮಂಗಳವಾರ ಹೋಗುವುದು ಹೇಗೆ? ಮೊದಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಹತ್ತು ಸೆಂಟಿಗೆ, ಕರೆದೊಯ್ದವು. ಅಧಿಕಾರಿಗಳು ಕನಿಷ್ಠ 45 ಸೆಂಟು ಎಂಬ ಹಳೆಯ ನಿಯಮ ಹುಡುಕಿ ತೆಗೆದರು. ಆಗ ಬಹಿಷ್ಕಾರದ ಮುಂದಾಳು ಕಿಂಗ್ ಫೋನು ಮಾಡಿದ್ದು ಬ್ಯಾಟನ್ ರೂಜ್ ಊರಿನ ಪಾದ್ರಿ ಜೆಮಿಸನ್ ಅವರಿಗೆ. 1953ರಲ್ಲಿ ಅಲ್ಲಿ ಇದೇ ಬಗೆಯ ಬಹಿಷ್ಕಾರ ನಡೆಸಿದ್ದವರು. ಸ್ವಂತ ಕಾರುಗಳನ್ನು ಕೂಡಿಸಿ ಎಂದರು ಅವರು.

ಸುಮಾರು 300 ಕಾರು ಸೇರಿದವು. ಆದರೆ ಕಾರು ಇದ್ದರೆ ಆಯಿತೇ? ಯಾರು ಎಲ್ಲಿ ಕಾಯಬೇಕು? ಊರಿನ ಓಣಿ ಓಣಿ ಬಲ್ಲ ಅಂಚೆಯವರನ್ನು ಕೂರಿಸಿಕೊಂಡು ನಕ್ಷೆ ಬರೆದರು. ಬೆಳಿಗ್ಗೆ ಮನೆಗಳ ಹತ್ತಿರ ಹತ್ತಲು 48 ನಿಲ್ದಾಣ, ಸಂಜೆ ಕೆಲಸದ ಕಡೆಯಿಂದ ಮರಳಲು 42. ಕಾರಿನವರು ಟಿಕೆಟಿನ ದುಡ್ಡು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಪರವಾನಗಿಯಿಲ್ಲದ ಟ್ಯಾಕ್ಸಿ ಎಂದು ಹಿಡಿಯುತ್ತಿದ್ದರು. ಅದಕ್ಕೇ ದುಡ್ಡು ಚರ್ಚಿನ ಸಭೆಗಳಲ್ಲಿ ಚಂದಾ ಆಗಿ ಬರುತ್ತಿತ್ತು. ಜಾರ್ಜಿಯಾ ಗಿಲ್ಮೋರ್ ಎಂಬಾಕೆ ಗೆಳತಿಯರೊಡನೆ ಅಡುಗೆ, ಸಿಹಿ ತಿಂಡಿ ಮಾರಿ ವಾರವಾರ ತಂದು ಸುರಿಯುತ್ತಿದ್ದರು. ಆಮೇಲೆ ಚರ್ಚುಗಳ ಹೆಸರಲ್ಲೇ ದೊಡ್ಡ ವ್ಯಾನುಗಳನ್ನು ಕೊಂಡರು.

ಪೆಟ್ಟು ಬಿದ್ದದ್ದು ಎಲ್ಲಿ ಗೊತ್ತೇ? ವಿಮೆಗೆ! ವಿಮೆಯಿಲ್ಲದೆ ವ್ಯಾನು ರಸ್ತೆಗೆ ಇಳಿಯುವಂತಿಲ್ಲ. ಸ್ಥಳೀಯ ಕಂಪನಿಗಳು ಒಂದರ ಹಿಂದೊಂದು ಪಾಲಿಸಿ ರದ್ದು ಮಾಡಿದವು. ಕೊನೆಗೆ ಅಟ್ಲಾಂಟಾದ ಏಜೆಂಟರೊಬ್ಬರು ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಮಾಡಿಸಿಕೊಟ್ಟರು. ಪೊಲೀಸರೂ ಸುಮ್ಮನಿರಲಿಲ್ಲ. 25 ಮೈಲಿ ಮಿತಿಯ ರಸ್ತೆಯಲ್ಲಿ 30ರಲ್ಲಿ ಓಡಿಸಿದರೆಂದು ಕಿಂಗ್ ಅವರನ್ನೇ ಜೈಲಿಗೆ ಹಾಕಿದರು. ಚಳವಳಿಯ ಇತಿಹಾಸದಲ್ಲಿ ವಿಮಾ ಪಾಲಿಸಿಗೆ ಅರ್ಧ ಪುಟವಾದರೂ ಬೇಡವೇ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಿಂಗ್ ಮನೆಗೆ ಬಾಂಬು ಬಿತ್ತು. ಬಹಿಷ್ಕಾರ ತಡೆಯುವ 1921ರ ಕಾನೂನೊಂದನ್ನು ಎತ್ತಿ 89 ಜನರ ಮೇಲೆ ಮೊಕದ್ದಮೆ ಹೂಡಿದರು. ಅಮೆರಿಕದ ವಿದೇಶಾಂಗ ಇಲಾಖೆಗೆ ಈ ವರ್ಣಭೇದ ತಲೆನೋವಾಗಿತ್ತು. ಬಹಿಷ್ಕಾರಕ್ಕೆ ಸುಮಾರು ಮೂರೂವರೆ ತಿಂಗಳ ಮೊದಲು, ಹ್ಯೂಸ್ಟನ್ ವಿಮಾನ ನಿಲ್ದಾಣದ ಊಟದ ಕೋಣೆಯಲ್ಲಿ ನಮ್ಮ ರಾಯಭಾರಿ ಜಿ.ಎಲ್. ಮೆಹ್ತಾ ಅವರನ್ನೇ ಬೇರೆ ಕಡೆ ಕೂರಲು ಹೇಳಿದ್ದರು. ವಿದೇಶಾಂಗ ಸಚಿವ ಡಲ್ಲೆಸ್ ಕ್ಷಮೆ ಕೇಳಿದರು. ಮಾಂಟ್‌ಗೊಮರಿಯ ಅಡುಗೆಯವಳ ಕ್ಷಮೆ ಕೇಳಲು ಯಾರೂ ಬರಲಿಲ್ಲ.

ಗೆಲುವು ಬಂದದ್ದು ಬಸ್ಸಿನ ವರ್ಣಭೇದದ ವಿರುದ್ಧ ನಾಲ್ವರು ಹೆಂಗಸರು ಹೂಡಿದ ದಾವೆಯಲ್ಲಿ. ಅವರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನವಾಗಿದ್ದ ಹದಿನೈದರ ಹುಡುಗಿ. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಅದೇ ದಿನ ಸ್ಥಳೀಯ ನ್ಯಾಯಾಲಯ ಕಾರು ವ್ಯವಸ್ಥೆಯನ್ನು ನಿಷೇಧಿಸಿತು! ತೀರ್ಪಿನ ಪ್ರತಿ ಊರು ಮುಟ್ಟುವವರೆಗೆ, ಒಂದು ತಿಂಗಳಿಗೂ ಹೆಚ್ಚು ಕಾಲ, ಕೆಲಸಕ್ಕೆ ಹೋಗುವುದು ಹೇಗೆ? ನಡೆದರು. ಡಿಸೆಂಬರ್ 21ರ ಬೆಳಿಗ್ಗೆ ಬಸ್ಸಿನ ಮುಂಬಾಗಿಲಲ್ಲೇ ಹತ್ತಿ, ಬೇಕಾದಲ್ಲಿ ಕೂತರು.

ನಮಸ್ಕಾರ.