ಕಾಮಣ್ಣನನ್ನು ಸುಡುವ ಊರಿಂದ ಕರೆಯುವ ಊರಿಗೆ

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ ಬಂತು ಅಂದ್ರೆ ಸಾಕು, ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡಲು ಶುರು. ಪ್ರೇಮಿಗಳ ದಿನ ನಮ್ಮದಲ್ಲ, ಅದು ಹೊರಗಿನವರದ್ದು ಅಂತ. ದಾವಣಗೆರೆಯಿಂದ ಬರುವ ಆ ಮೆಸೇಜನ್ನು ನಾನು ಕಾಞಂಗಾಡಿನಲ್ಲಿ ಕೂತು ಓದುತ್ತೇನೆ. ಇಲ್ಲಿ ಹೊರಗಿನವರು ಅಂದ್ರೆ ನಾವೇ! ಗಂಡನ ಕೆಲಸದ ಹಿಂದೆ ಬಂದು ಕಾಸರಗೋಡು ಜಿಲ್ಲೆಯಲ್ಲಿ ಬಾಡಿಗೆ ಮನೆ ಹಿಡಿದವರು.

ಫೆಬ್ರುವರಿ 14ರ ಬಗ್ಗೆ ನನಗೂ ತಕರಾರಿದೆ. ಆದರೆ ಅದು ಸಂಸ್ಕೃತಿಯ ತಕರಾರಲ್ಲ. 2023ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆ ದಿನ ಹಸುವನ್ನು ಅಪ್ಪಿಕೊಳ್ಳಿ ಅಂತ ಕರೆ ಕೊಟ್ಟು, ಆಮೇಲೆ ಸುಮ್ನೆ ಹಿಂದಕ್ಕೆ ತಗೊಂಡಿತಲ್ಲ, ಆ ಥರದ್ದೂ ಅಲ್ಲ. ನನ್ನ ತಕರಾರು ಇಷ್ಟೇ. ಅವತ್ತು ಗಂಡಸು ದುಡ್ಡು ಕೊಟ್ಟು ಏನೋ ತರಬೇಕು, ಹೆಂಗಸು ತಗೊಂಡು ನಗಬೇಕು. ಭೀಮನ ಅಮಾವಾಸ್ಯೆಗೆ ಬಂದರೆ ಪೂರ್ತಿ ಉಲ್ಟಾ. ಹೆಂಗಸು ಬೆಳಗಿನಿಂದ ಉಪವಾಸ ಇದ್ದು ದುಡಿಯಬೇಕು, ಗಂಡಸು ಕಾಲು ಚಾಚಿ ಪೂಜೆ ಮಾಡಿಸಿಕೊಳ್ಳಬೇಕು. ಎರಡೂ ಗಂಡ ಹೆಂಡತಿಯ ಹಬ್ಬಗಳೇ. ಆದರೆ ಎರಡರಲ್ಲೂ ಕೆಲಸ ಒಬ್ಬರದ್ದೇ.

ಊರು ಬಿಟ್ಟವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಊರಲ್ಲಿ ಅತ್ತೆ, ಅಮ್ಮ, ನಾದಿನಿ, ಪಕ್ಕದ ಮನೆಯವರು ಅಂತ ನಾಲ್ಕು ಕೈ ಇರುತ್ತವೆ. ಇಲ್ಲಿ ಎರಡೇ ಕೈ. "ನಮ್ಮ ಪದ್ಧತಿ ಬಿಡಬಾರದು" ಅಂತ ಎಲ್ಲರೂ ಹೇಳುತ್ತಾರೆ. ಬಿಡದೆ ಹಿಡಿದುಕೊಳ್ಳುವ ಕೆಲಸ ಮಾತ್ರ ಹೆಂಡತಿಯ ತಲೆಗೆ ಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ಇಲ್ಲಿಗೆ ಬಂದ ಮೇಲಿನ ಮೊದಲ ಭೀಮನ ಅಮಾವಾಸ್ಯೆ ಹೇಗಿತ್ತು ಅಂತ ಹೇಳ್ತೀನಿ. ಆಷಾಢದ ಅಮಾವಾಸ್ಯೆ, ಮಳೆ ಜೋರು. ನಾನು ದೀಪದ ಕಂಬ ಇಟ್ಟು, ಒಂಬತ್ತು ಗಂಟಿನ ಅರಿಸಿನ ದಾರ ಮಾಡಿಕೊಂಡು ಕೂತಿದ್ದೆ. ಮನೆ ಓನರ್ ಚೇಚಿ (ಮಲಯಾಳದಲ್ಲಿ ಅಕ್ಕ) ಒದ್ದೆ ಸೀರೆಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಬೇಕಲದ ಹತ್ತಿರದ ತೃಕ್ಕಣ್ಣಾಡು ದೇವಸ್ಥಾನಕ್ಕೆ ಹೋಗಿ, ಕಡಲ ದಂಡೆಯಲ್ಲಿ ತೀರಿಹೋದ ಹಿರಿಯರಿಗೆ ಬಲಿ, ಅಂದ್ರೆ ಪಿಂಡ, ಹಾಕಿ ಬಂದಿದ್ದರು. ಕೇರಳದಲ್ಲಿ ಅದೇ ಅಮಾವಾಸ್ಯೆ ಕರ್ಕಾಟಕ ವಾವು, ಪಿತೃಗಳ ದಿನ. 2025ರಲ್ಲೂ ಎರಡೂ ಜುಲೈ 24ಕ್ಕೇ ಬಿದ್ದವು. ನಾನು ಏನು ಮಾಡುತ್ತಿದ್ದೇನೆ ಅಂತ ಕೇಳಿದರು, ಹೇಳಿದೆ. ಚೇಚಿ ಒಮ್ಮೆ ನನ್ನ ಗಂಡನ ಮುಖ ನೋಡಿದರು, ಒಮ್ಮೆ ದೀಪ ನೋಡಿದರು. "ಇವತ್ತು ಸತ್ತವರ ದಿನ ಮೋಳೇ (ಮಗಳೇ), ಬದುಕಿರುವವನಿಗೆ ಯಾಕೆ ಪೂಜೆ?" ಅಂದರು. ನಮ್ಮನೆಯವರಿಗೆ ನಗು ತಡೆಯಲಾಗಲಿಲ್ಲ. ಬದಿಯಡ್ಕದಲ್ಲಿ ನನಗೊಬ್ಬಳು ಕನ್ನಡದ ಗೆಳತಿ ಇದ್ದಾಳೆ. ಅವರ ಮನೆಯಲ್ಲಿ ಅವತ್ತು ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಆ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಒಂದೇ ಜಿಲ್ಲೆ, ಒಂದೇ ಅಮಾವಾಸ್ಯೆ. ಒಬ್ಬರಿಗೆ ಪಿತೃ, ಒಬ್ಬರಿಗೆ ಕಷಾಯ, ನನಗೆ ಗಂಡ!

ಆಮೇಲೆ ಭಂಡಾರ ಒಡೆಯುವ ವಿಷಯ. ಹೊಸಿಲ ಮೇಲೆ ಕಾಸಿಟ್ಟ ಕಡುಬು ಇಡಬೇಕು, ಅಣ್ಣನೋ ತಮ್ಮನೋ ಮೊಣಕೈಯಿಂದ ಗುದ್ದಿ ಒಡೆಯಬೇಕು. ನನ್ನ ತಮ್ಮ ದಾವಣಗೆರೆಯಲ್ಲಿ. ಚೇಚಿಯ ಮಗನನ್ನು ಕರೆದೆ. ಹೈಸ್ಕೂಲು ಹುಡುಗ, ಒಂದೇ ಗುದ್ದಿಗೆ ಕಡುಬು ಪಚ್ಚಡಿ! ಕಾಸು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಉರುಳಿಹೋಯಿತು, ಅವನು ಮೊಣಕೈಯಲ್ಲಿ ಬೆಲ್ಲ ಮೆತ್ತಿಕೊಂಡೇ ಕವುಚಿ ಹುಡುಕಿದ. "ಅನ್ಯ ಹುಡುಗ ಒಡೆದರೆ ನಡೆಯುತ್ತಾ?" ಅಂತ ಊರಲ್ಲಿ ಕೇಳಿದವರಿದ್ದಾರೆ. ವ್ರತದ ಕಥೆ ನೆನಪು ಮಾಡಿಕೊಳ್ಳಿ. ಹುಡುಗಿಯನ್ನು ಸತ್ತ ರಾಜಕುಮಾರನಿಗೆ ಕಟ್ಟಿ, ಹೊಳೆ ದಂಡೆಯಲ್ಲಿ ಒಬ್ಬಳನ್ನೇ ಬಿಟ್ಟು ಎಲ್ಲರೂ ಹೋಗಿಬಿಡುತ್ತಾರೆ. ಮಣ್ಣಿನಲ್ಲೇ ದೀಪ ಮಾಡಿ ಪೂಜೆ ಮಾಡುತ್ತಾಳೆ. ಭಂಡಾರ ಒಡೆಯಲು ಅವಳ ಅಣ್ಣ ಅಲ್ಲಿ ಇರಲಿಲ್ಲ. ಆ ದಾರಿಯಲ್ಲಿ ಬಂದ ಶಿವನೇ ಒಡೆದ. ನನ್ನ ಪ್ರಕಾರ ಇದು ತವರು ದೂರ ಇರುವವರಿಗೇ ಹೇಳಿದ ಕಥೆ.

ಈಗ ನಮ್ಮ ಮನೆಯ ಕಟ್ಟಳೆ ಬೇರೆ. ಕಾಲು ತೊಳೆಯುವುದನ್ನು ಬಿಟ್ಟಿದ್ದೇವೆ. ದಾರ ನಾನು ಅವರಿಗೆ ಕಟ್ಟುತ್ತೇನೆ, ಅವರು ನನಗೆ ಕಟ್ಟುತ್ತಾರೆ. ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬುವ ಕೆಲಸ ಅವರದ್ದು. ಕಣಕ ನನ್ನದು. ವಿಡಿಯೊ ಕಾಲ್‌ನಲ್ಲಿ ಮಗ ಮಿಕ್ಸಿ ಮುಂದೆ ನಿಂತಿದ್ದು ನೋಡಿ ನಮ್ಮತ್ತೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ನೀರು ಜಾಸ್ತಿ ಆಗಿದೆ ನೋಡೋ, ಕಡುಬು ಬಿಚ್ಚಿಕೊಳ್ಳುತ್ತೆ" ಅಂದರು. ಅಷ್ಟರ ಮಟ್ಟಿಗೆ ಒಪ್ಪಿಗೆ ಸಿಕ್ಕಿತು ಅಂದ್ಕೊಂಡೆ.

ಇನ್ನು "ನಮ್ಮಲ್ಲಿ ಪ್ರೇಮದ ಹಬ್ಬವೇ ಇಲ್ಲ" ಅನ್ನುವವರಿಗೆ ಇಲ್ಲಿನ ಪೂರಂ ತೋರಿಸಬೇಕು. ಪೂರಂ ಅಂದ್ರೆ ನಮ್ಮ ಹುಬ್ಬಾ ನಕ್ಷತ್ರ. ಮೀನ ಮಾಸದಲ್ಲಿ, ಕೃತ್ತಿಕೆಯಿಂದ ಶುರುವಾಗಿ ಪೂರಂವರೆಗೆ ಒಂಬತ್ತು ದಿನ. ನೀಲೇಶ್ವರ, ಚೆರುವತ್ತೂರು, ಪಯ್ಯನ್ನೂರಿನ ಕಡೆ ಹೆಣ್ಣುಮಕ್ಕಳು ಹೂವಿನಿಂದ ಕಾಮದೇವನನ್ನು ಮಾಡಿ ಪೂಜಿಸುತ್ತಾರೆ. ಶಿವ ಸುಟ್ಟ ಕಾಮನನ್ನು ಮತ್ತೆ ಬದುಕಿಸಲಿಕ್ಕೆ ವಿಷ್ಣು ಹೇಳಿದ ದಾರಿ ಇದು ಅಂತ ಕಥೆ. ಕೊನೆಯ ದಿನ ಪೂರಂ ಗಂಜಿ, ಅಡೆ ಬಡಿಸಿ, ಹಲಸಿನ ಮರದ ಬುಡದಲ್ಲಿ ಅವನನ್ನು ಬೀಳ್ಕೊಡುತ್ತಾರೆ. ಮುಂದಿನ ವರ್ಷ ಹೊತ್ತಿಗೆ ಸರಿಯಾಗಿ ಬಾರಪ್ಪ ಅಂತ ಹಾಡುತ್ತಾರೆ. ಗಂಡಸರು ಸುಮ್ಮನೆ ಕೂರುವುದಿಲ್ಲ, ಭಗವತಿ ಕಾವುಗಳಲ್ಲಿ (ದೇವಿಯ ಬನಗಳಲ್ಲಿ) ದೀಪದ ಸುತ್ತ ಪೂರಕ್ಕಳಿ ಕುಣಿಯುತ್ತಾರೆ.

ನಾನು ಬಂದ ಊರಿನಲ್ಲಿ ಕಾಮಣ್ಣನ ಗತಿ ಏನು? ಹುಡುಗರು ಕಟ್ಟಿಗೆ, ಕುಳ್ಳು ಕದ್ದು ತಂದು, ಹಲಗೆ ಬಡಿದು, ಲಬೋ ಲಬೋ ಅಂತ ಬಾಯಿ ಬಡಿದುಕೊಂಡು ಸುಟ್ಟುಹಾಕುತ್ತಾರೆ. ಕೆಲವು ವರ್ಷ ನಮ್ಮ ಕಾಮದಹನ, ಇವರ ಪೂರಂ ಎರಡೂ ಒಂದೇ ವಾರ ಬರುತ್ತವೆ. ಅಲ್ಲಿ ಬೂದಿ, ಇಲ್ಲಿ ಸಂಪಿಗೆ. ಹೋಳಿ ನನಗೆ ಈಗಲೂ ಇಷ್ಟವೇ. ಆದರೆ ಪೂರಂ ನೋಡಿದ ಮೇಲೆ, ಗುಲಾಬಿ ಕೊಡುವುದು ಪರದೇಶಿ ಬುದ್ಧಿ ಅನ್ನುವ ಮಾತು ನನ್ನ ಕಿವಿಗೆ ಹತ್ತುವುದಿಲ್ಲ. ಅಂದ ಹಾಗೆ, ಆ ಗುಲಾಬಿಯನ್ನು ಫೆಬ್ರುವರಿಗೆ ವಿದೇಶಕ್ಕೆ ಕಳಿಸುವವರು ಯಾರು? ಹೊಸೂರಿನವರು. ಬೆಂಗಳೂರಿನ ಬಗಲಲ್ಲೇ ಇರುವ ತಮಿಳುನಾಡಿನ ಗಡಿ ಊರು. ಅಲ್ಲಿನ ಪಾಲಿಹೌಸ್‌ಗಳಲ್ಲಿ ತಾಜ್‌ಮಹಲ್ ತಳಿಯ ಕೆಂಪು ಗುಲಾಬಿ ಬೆಳೆಯುತ್ತದೆ. ಹಬ್ಬ ಹೊರಗಿನದು ಇರಬಹುದು, ಹೂವು ನಮ್ಮ ಗಡಿಯದ್ದು.

ಹಾಗಾಗಿ ನಾವು ಫೆಬ್ರುವರಿ 14 ಮಾಡುತ್ತೇವೆ. ಆ ದಿನ ಖರ್ಚು ನನ್ನದು. ಭೀಮನ ಅಮಾವಾಸ್ಯೆಗೆ ಅವರು ದುಡಿದಿರುತ್ತಾರಲ್ಲ!

ನಿಮ್ಮ ಮನೆಯಲ್ಲಿ ಹೇಗೆ? ಮಸ್ಕತ್ತಿನಲ್ಲಿರಿ, ಸೊಲ್ಲಾಪುರದಲ್ಲಿರಿ, ಕೆಳಗೆ ಬರೆಯಿರಿ. ಹೂರಣ ರುಬ್ಬುವುದು ನಾನೇ ಅನ್ನುವ ಗಂಡಸರಿದ್ದರೆ ಖಂಡಿತ ಬರೆಯಿರಿ. ಹೆಂಡತಿ ಹೆಸರಿನಲ್ಲಿ ಸರ್ಟಿಫಿಕೇಟ್ ನೀವೇ ಬರೆದುಕೊಳ್ಳಬೇಡಿ, ನಮಗೆ ಗೊತ್ತಾಗುತ್ತದೆ.