ಬಡ್ಡಿಗೆ ಕೇಳಿದರೆ ಮರ್ಯಾದೆ, ಆಸ್ಪತ್ರೆಯಲ್ಲಿ ಕೇಳಿದರೆ ಅವಮಾನವಾ?

ಎಲ್ಲರಿಗೂ ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಒಂದು ಕಾಮೆಂಟ್ ನೋಡಿ ಅದನ್ನು ಪಕ್ಕಕ್ಕಿಟ್ಟೆ.

ಹೋದ ವಾರ ನಾನು ಹೇಳಿದ್ದು ಇಷ್ಟೇ. ಇನ್ಶೂರೆನ್ಸ್ ಇಲ್ಲ, ಆಪರೇಷನ್ ಆಗಬೇಕು ಅಂತಿದ್ದರೆ ಮೊದಲು ಆಸ್ಪತ್ರೆಯವರನ್ನೇ ಕೇಳಿ. "ನಮ್ಮ ಹತ್ತಿರ ಇಷ್ಟು ದುಡ್ಡಿಲ್ಲ, ಏನು ದಾರಿ?" ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಆಸ್ಪತ್ರೆ ಅಂದರೆ ಸಂತೆನಾ, ಚೌಕಾಸಿ ಮಾಡೋಕೆ? ಮಾನವಂತರು ಸಾಲ ಮಾಡಿಯಾದರೂ ಕಟ್ಟುತ್ತಾರೆ."

ಸಾಲ ಮಾಡಿಯಾದರೂ ಅಂತೆ! ಸಾಲ ಕೊಡುವವನು ಕೇಳದೇ ಮನೆಗೆ ತಂದುಕೊಡುತ್ತಾನಾ ಸ್ವಾಮಿ? ಅಲ್ಲೂ ಕೈಕಟ್ಟಿಕೊಂಡು ನಿಂತು ಕೇಳಲೇಬೇಕು. ಬಡ್ಡಿಗೆ ಕೇಳಿದರೆ ಮರ್ಯಾದೆ, ಬಡ್ಡಿ ಇಲ್ಲದೆ ಕೇಳಿದರೆ ಅವಮಾನ. ಇದು ಯಾವ ಊರಿನ ಲೆಕ್ಕ?

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ಭಾವನಿಗೆ ಪಿತ್ತಕೋಶದಲ್ಲಿ ಕಲ್ಲು. ತೆಗೆಸಬೇಕು, ಆದರೆ ಇವತ್ತೇ ಅಂತಿಲ್ಲ ಅಂದಿದ್ದರು ಡಾಕ್ಟರ್. ಆಸ್ಪತ್ರೆಯವರು ಒಂದು ಎಸ್ಟಿಮೇಟ್ ಚೀಟಿ ಕೊಟ್ಟಿದ್ದರು. ಭಾವ ಅದನ್ನು ನಾಲ್ಕು ಮಡಿಕೆ ಮಡಿಸಿ ಶರ್ಟಿನ ಜೇಬಿಗೆ ಹಾಕಿದವರು ಮೂರು ವಾರ ಯಾರಿಗೂ ಬಾಯಿ ಬಿಡಲಿಲ್ಲ. ಕೊನೆಗೆ ಬಟ್ಟೆ ಒಗೆಯುವಾಗ ಅಕ್ಕನ ಕೈಗೆ ಸಿಕ್ಕಿತು. ಬೆವರಿಗೆ ಅರ್ಧ ಅಕ್ಷರ ಅಳಿಸಿಹೋಗಿತ್ತು. ಮೊತ್ತ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಅದು ಅಳಿಸುವುದಿಲ್ಲ ಬಿಡಿ.

ಅಕ್ಕ, ನಾನು ಇಬ್ಬರೂ ಬಿಲ್ಲಿಂಗ್ ಕೌಂಟರಿಗೆ ಹೋಗಿ ಇದರಲ್ಲಿ ಏನೇನು ಸೇರಿದೆ ಅಂತ ಕೇಳಿದೆವು. ಆತ ತಲೆ ಎತ್ತದೆ, "ಜನರಲ್ ವಾರ್ಡ್ ಪ್ಯಾಕೇಜ್ ಬೇಕಾ?" ಅಂದ. ಅಯ್ಯೋ ಪುಣ್ಯಾತ್ಮ, ಅಂಥದ್ದೊಂದು ಇದೆ ಅಂತ ಮೂರು ವಾರದ ಹಿಂದೆಯೇ ಹೇಳಬಾರದಿತ್ತಾ? ಅಲ್ಲಿ ರೂಮ್ ಬದಲಾದರೆ ಡಾಕ್ಟರ್ ಫೀಸ್ ಕೂಡ ಇಳಿಯುತ್ತದೆ ಅಂತ ನಮಗೆ ಆಗಲೇ ಗೊತ್ತಾಗಿದ್ದು. ಡಾಕ್ಟರೂ ಅವರೇ, ಕತ್ತರಿಯೂ ಅದೇ. ಮಂಚ ಮಾತ್ರ ಬೇರೆ.

ಆಮೇಲೆ ಲಿಫ್ಟ್ ದಾಟಿ, ಮುರಿದ ವೀಲ್‌ಚೇರ್‌ಗಳ ಪಕ್ಕ ಒಂದು ಸಣ್ಣ ರೂಮ್. ಬಾಗಿಲ ಮೇಲೆ "ಸಮಾಜ ಕಾರ್ಯಕರ್ತರು" ಅಂತ ಅರ್ಧ ಕಿತ್ತುಹೋದ ಸ್ಟಿಕ್ಕರ್. ಅಂದರೆ ದುಡ್ಡಿಗೆ ಕಷ್ಟ ಇರುವ ರೋಗಿಗಳಿಗೆ ದಾರಿ ತೋರಿಸೋ ಆಸ್ಪತ್ರೆಯವರು. ಒಳಗಿದ್ದ ಮೇಡಂ ಮೊದಲು ಕೇಳಿದ್ದು, "ಆಪರೇಷನ್ ಆಗಿದೆಯಾ, ಆಗಬೇಕಾ?" ಆಗಬೇಕು ಅಂದೆವು. "ಸದ್ಯ, ಬಚಾವಾದಿರಿ" ಅಂದರು. ಯಾಕೆ ಗೊತ್ತಾ? ಸಹಾಯ ಮಾಡುವ ಟ್ರಸ್ಟ್‌ಗಳಲ್ಲಿ ಬಹಳಷ್ಟು ಆಪರೇಷನ್‌ಗೆ ಮೊದಲೇ ಅರ್ಜಿ ಕೇಳುತ್ತವೆ. ದುಡ್ಡನ್ನೂ ನಿಮ್ಮ ಕೈಗಲ್ಲ, ನೇರ ಆಸ್ಪತ್ರೆಗೆ ಕಟ್ಟುತ್ತವೆ. ಡಾಕ್ಟರ್ ಪತ್ರ, ಎಸ್ಟಿಮೇಟ್, ಆದಾಯದ ಕಾಗದ ಇಷ್ಟು ಬೇಕು. ಸಾಲ ಮಾಡಿ ಬಿಲ್ ಕಟ್ಟಿದ ಮೇಲೆ ಹೋದರೆ ಮುಗಿಯಿತು ಕಥೆ. ಕಟ್ಟಿ ಆದ ಬಿಲ್ಲಿಗೆ ಯಾರು ದುಡ್ಡು ಕೊಡುತ್ತಾರೆ? ಮಾನವಂತರೇ, ಕೇಳಿಸಿತಾ?

ಇದು ಹೊಸದೇನಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1895ರಲ್ಲೇ ಮೇರಿ ಸ್ಟೀವರ್ಟ್ ಅನ್ನುವವರನ್ನು ಇಂಥ ಕೆಲಸಕ್ಕೆ ಕೂರಿಸಿದ್ದರು. ಯಾರಿಗೆ ದುಡ್ಡು ಕೊಡುವ ಶಕ್ತಿ ಇದೆ, ಯಾರಿಗಿಲ್ಲ ಅಂತ ನೋಡುವುದಕ್ಕೆ. ನಿಜ ಹೇಳಬೇಕೆಂದರೆ ಪುಕ್ಕಟೆ ಚಿಕಿತ್ಸೆಯನ್ನು ಉಳ್ಳವರು ಬಾಚಿಕೊಳ್ಳಬಾರದು ಅನ್ನೋದೂ ಅದರ ಹಿಂದಿತ್ತು. ಇರಲಿ. ಕೇಳುವವರಿಗೆ ಅಂತಲೇ ಕುರ್ಚಿ ಹಾಕಿ ನೂರು ವರ್ಷದ ಮೇಲಾಯಿತು. ನಾವು ಇನ್ನೂ ಬಾಗಿಲಲ್ಲೇ ನಾಚಿಕೊಂಡು ನಿಂತಿದ್ದೇವೆ.

ಮದುರೈಯ ಅರವಿಂದ ಕಣ್ಣಾಸ್ಪತ್ರೆ ನೋಡಿ. ಡಾಕ್ಟರ್ ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆ ಹಾಕಿ ಶುರು ಮಾಡಿದ್ದು. ಕೊಡುವವರ ಫೀಸಿನಲ್ಲೇ ಕೊಡಲಾಗದವರ ಆಪರೇಷನ್ನೂ ನಡೆಯುತ್ತದೆ. ಕಣ್ಣೊಳಗೆ ಕೂರಿಸುವ ಲೆನ್ಸ್ ದುಬಾರಿ ಅಂತ 1992ರಲ್ಲಿ ತಾವೇ ಲೆನ್ಸ್ ಮಾಡುವ ಘಟಕ ತೆರೆದರು. ಮಕ್ಕಳ ಸೀಳು ತುಟಿ ಆಪರೇಷನ್‌ಗೆ ಸಹಾಯ ಮಾಡುವ ಸ್ಮೈಲ್ ಟ್ರೈನ್ ಅನ್ನೋ ಸಂಸ್ಥೆ ಇದೆ, 1999ರಿಂದ. ಅದಕ್ಕೇ ಹೇಳೋದು, ಬರೀ "ಆಪರೇಷನ್‌ಗೆ ಸಹಾಯ" ಅಂತ ಹುಡುಕಬೇಡಿ. ಕಾಯಿಲೆಯ ಹೆಸರು ಹಿಡಿದು ಹುಡುಕಿ, ಕಾಯಿಲೆಯ ಹೆಸರು ಹಿಡಿದು ಕೇಳಿ.

ಹಾಂ, ಇನ್ನೊಬ್ಬರ ಐಡಿಯಾ. "ಒಂದು ವಿಡಿಯೊ ಹಾಕಿ, ಜನ ದುಡ್ಡು ಹಾಕುತ್ತಾರೆ." ವಿಡಿಯೊ ಮಾಡುವವನ ಮುಂದೆ ವಿಡಿಯೊ ಮಹಿಮೆ! ನಾಲ್ಕು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದೇನೆ, ನಮ್ಮ ಚಿಕ್ಕಮ್ಮನೇ ಸಬ್‌ಸ್ಕ್ರೈಬ್ ಮಾಡಿಲ್ಲ. ನೀವಾದರೂ ಮಾಡಿ, ಅದಕ್ಕೆ ಎಸ್ಟಿಮೇಟ್ ಬೇಡ. ವಿಡಿಯೊ ಹಾಕಿ, ಬೇಡ ಅನ್ನಲ್ಲ. ಆದರೆ ಬಿಲ್ ಎಷ್ಟು ಇಳಿಯುತ್ತದೆ ಅಂತ ಕೇಳದೆ ಊರಿಗೆಲ್ಲ ಕೈಚಾಚಿದರೆ, ಯಾರದೋ ದುಡ್ಡಲ್ಲಿ ಜಾಸ್ತಿ ಬಿಲ್ ಕಟ್ಟಿದ ಹಾಗೆ, ಅಲ್ವಾ?

"ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಇದೆಲ್ಲ ಎಲ್ಲಿರುತ್ತೆ?" ಇರದಿದ್ದರೆ ಇಲ್ಲ ಅನ್ನುತ್ತಾರೆ. ಇಲ್ಲ ಅನ್ನುವುದಕ್ಕೆ ಬಿಲ್ ಹಾಕುವುದಿಲ್ಲ. ಅದೊಂದು ಇನ್ನೂ ಶುರುವಾಗಿಲ್ಲ! ಅಲ್ಲಿಂದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ ಕೇಳಿ. "ಎಮರ್ಜೆನ್ಸಿ ಆದರೆ?" ಆಗ ಮೊದಲು ಅಡ್ಮಿಟ್ ಮಾಡಿ ಮಾರಾಯ್ರೆ, ಹೊರಗೆ ಕೂತವರು ಎದ್ದು ಹೋಗಿ ಕೇಳಿ. "ಬೈದರೆ?" ಬೈಸಿಕೊಳ್ಳಿ! ನನ್ನ ಕಾಮೆಂಟ್ ಬಾಕ್ಸ್ ಬಂದು ನೋಡಿ, ಬೈಗುಳ ತಿಂದು ಯಾರೂ ಸತ್ತಿಲ್ಲ.

ಕೇಳಿ. ಯಾಕೆ ಕೇಳಬೇಕು ಅಂತ ಇನ್ನೂ ಎರಡು ಕಾರಣ ಬರೆದುಕೊಂಡಿದ್ದೆ, ಹಾಳೆ ಎಲ್ಲಿಟ್ಟೆನೋ. ಬಿಡಿ, ಸುಮ್ನೆ ಕೇಳಿ. ಬ್ಯಾಟರಿ ಬೇರೆ ಕೆಂಪಾಗಿದೆ.

ಭಾವ ಹೇಗಿದ್ದಾರೆ ಅಂತ ಕೇಳುವವರಿಗೆ: ಗಟ್ಟಿಯಾಗಿದ್ದಾರೆ. ತೆಗೆದ ಕಲ್ಲುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ಗಲಗಲ ಅಲ್ಲಾಡಿಸಿ ತೋರಿಸುತ್ತಾರೆ. ಅದಕ್ಕೆ ಮಾತ್ರ ನಾಚಿಕೆ ಇಲ್ಲ ನೋಡಿ!