ಬೇರಿಂಗ್ ಜಲಸಂಧಿಗೊಂದು ಸೇತುವೆ ಕಟ್ಟಬಹುದೇ?

ಕೇಳುಗರಿಗೆ ನಮಸ್ಕಾರ.

ಭೂಪಟದಲ್ಲಿ ರಷ್ಯಾದ ಪೂರ್ವ ತುದಿಯನ್ನೂ ಅಮೆರಿಕದ ಅಲಾಸ್ಕವನ್ನೂ ನೋಡಿದಾಗ, ಇಷ್ಟು ಹತ್ತಿರವಿವೆಯಲ್ಲ, ಒಂದು ಸೇತುವೆ ಹಾಕಿಬಿಡಬಾರದೇ ಅನಿಸುತ್ತದೆ. ನಡುವಿನ ಬೇರಿಂಗ್ ಜಲಸಂಧಿ ಕಿರಿದಾದ ಕಡೆ ಸುಮಾರು 85 ಕಿಲೋಮೀಟರ್ ಅಗಲ. 1958ರಲ್ಲೇ ಎಂಜಿನಿಯರ್ ಟಿ. ವೈ. ಲಿನ್ ಇಲ್ಲಿಗೆ ಸೇತುವೆ ಸೂಚಿಸಿದ್ದರು. ಮುಂದೆ ಅದು ಕಂಬದಿಂದ ಕಂಬಕ್ಕೆ 366 ಮೀಟರಿನಂತೆ ಸುಮಾರು 220 ಅಂಕಣಗಳ ಯೋಜನೆಯಾಯಿತು.

ಆಳ ದೊಡ್ಡ ತೊಡಕಲ್ಲ. ಅಟ್ಲಾಂಟಿಕ್ ಸಾಗರದ ಸರಾಸರಿ ಆಳ ಮೂರೂವರೆ ಕಿಲೋಮೀಟರ್ ದಾಟುತ್ತದೆ, ಅಲ್ಲಿ ಕಂಬದ ಮಾತೇ ಬೇಡ. ಇಲ್ಲಾದರೋ ಬಹುಪಾಲು 30ರಿಂದ 50 ಮೀಟರ್. ನಡುವೆ ಎರಡು ಡಯಾಮೀಡ್ ದ್ವೀಪಗಳೂ ಇವೆ. ಅಂಕಣದ ಉದ್ದವೂ ಹೊಸತಲ್ಲ: 2022ರಲ್ಲಿ ತೆರೆದ ಟರ್ಕಿಯ ಚನಕ್ಕಲೆ ತೂಗುಸೇತುವೆಯ ನಡು ಅಂಕಣವೇ 2023 ಮೀಟರ್.

ಕಷ್ಟವಿರುವುದು ನೀರಿನ ಮಟ್ಟದಲ್ಲಿ. ಚಳಿಗಾಲದಲ್ಲಿ ಜಲಸಂಧಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಸುಮ್ಮನಿರುವುದಿಲ್ಲ, ಗಾಳಿ, ಪ್ರವಾಹಗಳು ಅದನ್ನು ತಳ್ಳುತ್ತಲೇ ಇರುತ್ತವೆ. ಒಂದು ಕಂಬದ ಲೆಕ್ಕ ಹಾಕೋಣ. ಕಂಬದ ಅಗಲ 10 ಮೀಟರ್, ಮಂಜುಗಡ್ಡೆಯ ಹಾಳೆಯ ದಪ್ಪ ಒಂದೂವರೆ ಮೀಟರ್. ನೇರ ಕಂಬಕ್ಕೆ ಒತ್ತಿ ಮಂಜು ಪುಡಿಯಾಗಲು ಚದರ ಮೀಟರಿಗೆ 100 ಟನ್ ಬೇಕೆಂದು ಹಿಡಿದರೂ, ಆ ಕಂಬ ಅಡ್ಡಲಾಗಿ 1500 ಟನ್ ತಡೆಯಬೇಕು. ಅದೂ ಒಂದು ಸಲವಲ್ಲ, ಚಳಿಗಾಲವಿಡೀ, ನಡುಗಿಸುತ್ತಾ.

ಇದಕ್ಕೊಂದು ಉಪಾಯವಿದೆ. ಕಡ್ಡಿಯನ್ನು ತುದಿಯಿಂದ ಒತ್ತಿ ಪುಡಿಮಾಡುವುದು ಕಷ್ಟ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮಂಜೂ ಹಾಗೆಯೇ. ಕೆನಡಾದಲ್ಲಿ 1997ರಲ್ಲಿ ತೆರೆದ 12.9 ಕಿಲೋಮೀಟರಿನ ಕಾನ್ಫೆಡರೇಶನ್ ಸೇತುವೆಯ ಕಂಬಗಳಿಗೆ ನೀರಿನ ಮಟ್ಟದಲ್ಲಿ ಶಂಕುವಿನಾಕಾರದ ಕಾಂಕ್ರೀಟ್ ಕವಚವಿದೆ. ಹಾಳೆ ಇಳಿಜಾರು ಹತ್ತಿ, ತನ್ನ ಭಾರಕ್ಕೆ ತಾನೇ ಮುರಿದುಬೀಳುತ್ತದೆ. ಆದರೆ ಬೇರಿಂಗಿನಲ್ಲಿ ಹಾಳೆಗಳು ಒಂದರ ಮೇಲೊಂದು ಏರಿ ದಿಬ್ಬಗಳಾಗುತ್ತವೆ. ಅವುಗಳ ಬುಡ ಹತ್ತಾರು ಮೀಟರ್ ಕೆಳಗಿಳಿದಿರುವುದುಂಟು. ಶಂಕು ಮೇಲಿನ ಹಾಳೆಯನ್ನು ಮುರಿದರೂ, ಕೆಳಗಿನ ಬುಡ ಕಂಬದ ಕಾಲಿಗೇ ಬಡಿಯುತ್ತದೆ.

ಕಟ್ಟುವ ಕೆಲಸವೂ ಸಲೀಸಲ್ಲ. ಹಸಿ ಕಾಂಕ್ರೀಟಿನ ನೀರು ಹೆಪ್ಪುಗಟ್ಟಿದರೆ ಸುಮಾರು 9 ಶೇಕಡಾ ಹಿಗ್ಗಿ ಒಳಗಿಂದಲೇ ಒಡೆಯುತ್ತದೆ. ಹಾಗಾಗಿ ಬೆಚ್ಚಗಿನ ಅಂಗಳದಲ್ಲಿ ಎರಕ ಹೊಯ್ದು, ತೇಲುವ ಕ್ರೇನಿನಿಂದ ತಂದಿಡಬೇಕು. ಕೆನಡಾದ ಆ ಸೇತುವೆಯ ಮುಖ್ಯ ಗರ್ಡರುಗಳು, ಅಂದರೆ ಕಂಬಗಳ ಮೇಲೆ ಕೂರುವ ತೊಲೆಗಳು, 192 ಮೀಟರ್ ಉದ್ದ, ಸುಮಾರು 7500 ಟನ್ ಭಾರ. ಬೇರಿಂಗಿನಲ್ಲಿ ತೇಲುವ ಕ್ರೇನ್ ಓಡಾಡಲು ಸಿಗುವುದು ಬೇಸಿಗೆಯ ನಾಲ್ಕೈದು ತಿಂಗಳು. ಇನ್ನೂರಕ್ಕೂ ಹೆಚ್ಚು ಕಂಬಗಳಿಗೆ ಎಷ್ಟು ಬೇಸಿಗೆ ಬೇಕೆಂದು ನೀವೇ ಎಣಿಸಿ.

ನನ್ನ ಮಟ್ಟಿಗೆ, ಇಲ್ಲಿಗೆ ಒಗ್ಗುವುದು ಸುರಂಗ. ಇಂಗ್ಲಿಷ್ ಕಾಲುವೆಯ ಸುರಂಗ ಸಮುದ್ರದಡಿ 37.9 ಕಿಲೋಮೀಟರ್ ಸಾಗುತ್ತದೆ. ಬೇರಿಂಗಿನದು ಅದರ ಎರಡು ಪಟ್ಟಿಗಿಂತ ಹೆಚ್ಚಾದರೂ, ಗಾಳಿಯಾಡುವ ಬಾವಿಗಳನ್ನು ದ್ವೀಪಗಳಲ್ಲಿ ತೋಡಬಹುದು, ಮಂಜಿನ ಕಾಟವಿಲ್ಲ.

ಆಮೇಲೆ ದಡದ ಪ್ರಶ್ನೆ. ಅಲಾಸ್ಕದ ಕಡೆ ನೋಮ್ ಪಟ್ಟಣಕ್ಕೇ ಹೊರಗಿನ ರಸ್ತೆಯ ಸಂಪರ್ಕವಿಲ್ಲ. ರಷ್ಯಾದ ಕಡೆ ರೈಲುಹಳಿ ಯಾಕುತ್ಸ್ಕ್‌ನ ಎದುರು, ಲೆನಾ ನದಿಯ ಆಚೆ ದಡದಲ್ಲೇ ನಿಲ್ಲುತ್ತದೆ, ಅಲ್ಲಿಂದ ಜಲಸಂಧಿಗೆ ಸಾವಿರಾರು ಕಿಲೋಮೀಟರ್. ಆ ನೆಲವೋ ಸದಾ ಹೆಪ್ಪುಗಟ್ಟಿದ್ದು. ಮೇಲೆ ಹಳಿ ಹಾಸಿದರೆ ಕರಗಿ ಕುಸಿಯುತ್ತದೆ. ಇದೆಲ್ಲ ಮುಗಿದ ಮೇಲೂ ಹಳಿಗಳ ಅಂತರ ರಷ್ಯಾದಲ್ಲಿ 1520 ಮಿಲಿಮೀಟರ್, ಅಮೆರಿಕದಲ್ಲಿ 1435. ಎಲ್ಲೋ ಒಂದು ಕಡೆ ಪ್ರತಿ ಬೋಗಿಯನ್ನೂ ಎತ್ತಿ ಗಾಲಿ ಬದಲಿಸಬೇಕು, ಇಲ್ಲವೇ ಸರಕನ್ನೆಲ್ಲ ಇಳಿಸಿ ಬೇರೆ ರೈಲಿಗೆ ತುಂಬಬೇಕು.